ಬೇಡಿಕೆಯಿಲ್ಲದ ನಮಸ್ಕಾರ: ಶಾಂತಿನಾಥ ದೇಸಾಯಿಯವರನ್ನು ಓದುವ ಬಗೆ

ನವ್ಯ ಕಾದಂಬರಿಯೊಂದು ನಮ್ಮ ಪ್ರಸಂಗಪೀಠವನ್ನೇರುವ ರೀತಿ ಹೆಚ್ಚುಕಡಿಮೆ ಒಂದೇ. ಬೋಧಕನು ನಾಯಕನ ಏಕಾಕಿತನವನ್ನೂ ಅಪರಾಧಪ್ರಜ್ಞೆಯನ್ನೂ ಎರಡು ಮಾತುಗಳಲ್ಲಿ ವರ್ಣಿಸಿ, ಕ್ರಿಸ್ತನಿಲ್ಲದ ಮನುಷ್ಯನ ಸ್ಥಿತಿ ಇದೇ ಎಂದು ಹೇಳಿ ವಚನಕ್ಕೆ ದಾಟುತ್ತಾನೆ. ಕಾದಂಬರಿ ಪ್ರಶ್ನೆಯಾಯಿತು, ಸುವಾರ್ತೆ ಉತ್ತರವಾಯಿತು. ಈ ಓದು ನ್ಯಾಯವಾದದ್ದೇ ಎಂಬುದನ್ನು ಶಾಂತಿನಾಥ ದೇಸಾಯಿಯವರ ಕೃತಿಗಳ ಮೂಲಕ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ದೇಸಾಯಿಯವರು 1929ರಲ್ಲಿ ಹಳಿಯಾಳದಲ್ಲಿ ಹುಟ್ಟಿದ ಜೈನರು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು. ಅವರ ‘ಮುಕ್ತಿ’ (1961) ಕನ್ನಡದ ನವ್ಯ ಕಾದಂಬರಿಯ ಆರಂಭವೆಂದು ಎಣಿಸಲ್ಪಟ್ಟಿದೆ. ಅದರ ಗೌರೀಶನು ಕಾಮಿನಿಯ ಮೇಲಣ ಮೋಹದಿಂದ ಬಿಡಿಸಿಕೊಳ್ಳಲು ತೊಳಲುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೆಯ ಅಧ್ಯಾಯವನ್ನು ಬಲ್ಲ ಓದುಗನಿಗೆ ಈ ತೊಳಲಾಟ ಪರಿಚಿತವೆನಿಸುವುದು ಸಹಜ. ಅಪಾಯವಿರುವುದೂ ಅಲ್ಲಿಯೇ.

‘ಮುಕ್ತಿ’ ಎಂಬ ಪದದ ಹಿಂದೆ ಬೇರೊಂದು ಲೋಕವಿದೆ. ಜೈನ ಬೋಧೆಯಂತೆ ಕರ್ಮವು ಜೀವದೊಳಕ್ಕೆ ಹರಿದುಬರುವುದು ಆಸ್ರವ; ಆ ಹರಿವನ್ನು ತಡೆಯುವುದು ಸಂವರ; ಕೂಡಿದ ಕರ್ಮವನ್ನು ಉದುರಿಸುವುದು ನಿರ್ಜರೆ. ತಡೆಯುವವನೂ ಉದುರಿಸುವವನೂ ಜೀವನೇ. ಜಿನನು ದಾರಿಯನ್ನು ತೋರಿಸಿದವನು, ಕೈಹಿಡಿದು ದಾಟಿಸುವವನಲ್ಲ. ನಮ್ಮ ಸತ್ಯವೇದದ ‘ರಕ್ಷಣೆ’, ‘ವಿಮೋಚನೆ’ ಎಂಬ ಪದಗಳಾದರೋ ರಕ್ಷಕನೊಬ್ಬನಿಲ್ಲದೆ ಅರ್ಥವನ್ನೇ ಪಡೆಯವು. ದೇಸಾಯಿಯವರು ಪರಂಪರೆಯ ಪದವನ್ನು ಆಧುನಿಕ ಯುವಕನ ಮೈಗೆ ತೊಡಿಸಿದರು. ಅದು ಅವನಿಗೆ ಅಳತೆಯಾಗಿ ಒಪ್ಪುವುದಿಲ್ಲ. ಆ ಒಪ್ಪದಿರುವಿಕೆಯೇ ಕಾದಂಬರಿಯ ವಸ್ತು. ‘ಮುಕ್ತಿ’ಯನ್ನು ‘ರಕ್ಷಣೆ’ಯೆಂದು ಓದಿದೊಡನೆ ನಾವು ಆ ವಸ್ತುವನ್ನೇ ಕಳೆದುಕೊಳ್ಳುತ್ತೇವೆ.

ಲೇಖಕರ ಮರಣಾನಂತರ ಪ್ರಕಟವಾಗಿ 2000ದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಓಂ ಣಮೋ’ ಇನ್ನೂ ಕಠಿಣ ಪರೀಕ್ಷೆ. ಜೈನ ಬದುಕನ್ನು ಅಭ್ಯಸಿಸಲು ಹೊರದೇಶದಿಂದ ಬಂದವರ ಕಣ್ಣು ಅದರಲ್ಲಿದೆ. ಹೊರಗಿನವರಾಗಿ ಓದುವ ನಮಗೆ ಆ ಪಾತ್ರಗಳು ಕನ್ನಡಿ. ಶೀರ್ಷಿಕೆಯನ್ನೇ ಗಮನಿಸಿರಿ. ನಮಸ್ಕಾರವಿದೆ, ಯಾರಿಗೆಂಬುದು ನಿಂತುಹೋಗಿದೆ. ಜೈನರ ಪಂಚನಮಸ್ಕಾರ ಮಂತ್ರವು ಅರಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು ಎಂಬ ಐದು ಪದವಿಗಳಿಗೆ ತಲೆಬಾಗುತ್ತದೆ. ಮಹಾವೀರನ ಹೆಸರೂ ಅಲ್ಲಿಲ್ಲ. ಪಾಪನಾಶವನ್ನು ಸಾರುವ ಫಲಶ್ರುತಿ ಉಂಟು, ಬೇಡಿಕೆ ಮಾತ್ರ ಒಂದೂ ಇಲ್ಲ.

ಇದು ಪುಸ್ತಕದೊಳಗಿನ ಮಾತು ಮಾತ್ರವಲ್ಲ. ಕಾಗವಾಡ ತಾಲ್ಲೂಕಿನ ಶೇಡಬಾಳ 1925ರಲ್ಲಿ ಜನಿಸಿದ ಮುನಿ ವಿದ್ಯಾನಂದರ ಊರು. ಅದೇ ಸೀಮೆಯ ಭೋಜವು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟ ಆಚಾರ್ಯ ಶಾಂತಿಸಾಗರರ ಊರು. ಇಂಥ ನೆಲದಲ್ಲಿ ಸೇವೆಗೆ ನಿಲ್ಲುವ ಸಭಾಪಾಲಕನು, ಅನ್ನವನ್ನು ಕ್ರಮವಾಗಿ ತ್ಯಜಿಸುತ್ತ ಮರಣವನ್ನು ಎದುರುಗೊಂಡವರ ನೆನಪುಳ್ಳ ಮನೆಗಳಿಗೆ ಹೋಗುತ್ತಾನೆ. ಅಲ್ಲಿ ಬರಿಯ ಶೂನ್ಯವನ್ನೇ ಕಾಣುವವನ ಮಾತನ್ನು ಯಾರು ಕೇಳಿಯಾರು?

ಹಾಗಾದರೆ ಸಾಕ್ಷಿಯೇ ಬೇಡವೇ ಎಂದು ಕೆಲವರು ಕೇಳಬಹುದು. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯವನ್ನು ಅವರು ಎತ್ತಿ ತೋರಿಸುವುದೂ ಯುಕ್ತವೇ: ಅಥೇನೆಯ ಅಜ್ಞಾತ ದೇವರ ಬಲಿಪೀಠವನ್ನು ಕಂಡು ಪೌಲನು ಸುಮ್ಮನಿರಲಿಲ್ಲ. ಆದರೆ ಅವನು ಮೊದಲು ಪಟ್ಟಣದಲ್ಲಿ ನಡೆದಾಡಿ ಅವರ ಪೂಜಾವಸ್ತುಗಳನ್ನು ನೋಡಿದನು. ಅವರ ಕವಿಗಳ ಮಾತನ್ನು ಉದಾಹರಿಸುವಾಗ ಅದು ಅವರದೇ ಎಂದು ಒಪ್ಪಿ ಹೇಳಿದನು. ಅಲ್ಲದೆ ದೇಸಾಯಿಯವರ ಶೀರ್ಷಿಕೆಯಲ್ಲಿ ಬಿಟ್ಟ ಸ್ಥಳವು ಅಜ್ಞಾನದ ಗುರುತಲ್ಲ. ಕೇಳಿ ಬೆಳೆದವನು ಅದನ್ನು ತಾನೇ ತುಂಬಿಕೊಳ್ಳುತ್ತಾನೆ. ಸಂಶಯಪಡುವ ಆಧುನಿಕನು ಅಲ್ಲಿ ತಡೆದು ನಿಲ್ಲುತ್ತಾನೆ. ಎರಡಕ್ಕೂ ಲೇಖಕರು ಎಡೆಮಾಡಿದ್ದಾರೆ. ನಮ್ಮ ಉತ್ತರವನ್ನು ಅಲ್ಲಿ ಬರೆದುಬಿಡುವ ಅಧಿಕಾರ ನಮಗಿಲ್ಲ.

ಬೇಡದೆ ಬಾಗುವ ಈ ನಮಸ್ಕಾರದ ಮುಂದೆ ನಮ್ಮ ಸಭೆಗಳ ಪ್ರಾರ್ಥನೆಗಳನ್ನು ಇಟ್ಟು ನೋಡಿದರೆ, ಅವು ಬಹುಮಟ್ಟಿಗೆ ಬೇಡಿಕೆಗಳ ಪಟ್ಟಿಯಾಗಿರುವುದು ಕಾಣುತ್ತದೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಾದರೋ ನಾಮದ ಪರಿಶುದ್ಧತೆ ಮೊದಲು, ರೊಟ್ಟಿ ಆಮೇಲೆ. ಆದರೂ ಅಲ್ಲಿ ರೊಟ್ಟಿ ಉಂಟು: ತಂದೆಯೆಂದು ಕರೆದವರು ಕೇಳಬಹುದು. ಶೇಡಬಾಳದ ನೆರೆಯವನಿಗೂ ನಮಗೂ ಇರುವ ನಿಜವಾದ ಅಂತರ ಇದು. ಅವನ ನಮಸ್ಕಾರವನ್ನು ಪೂರ್ತಿಯಾಗಿ ಕೇಳಿಸಿಕೊಂಡ ಮೇಲೆಯೇ ಈ ಅಂತರವನ್ನು ಅವನಿಗೆ ಹೇಳಲು ನಮಗೆ ಬಾಯಿ ಬಂದೀತು.