ಒಳ್ಳೆಯ ಮಾಲೀಕನ ಅಪಾಯ

ಆಲಮಟ್ಟಿಯ ಕಡೆಯಿಂದ ಕೃಷ್ಣೆಯ ನೀರು ಕೊಳವೆಯೊಳಗೆ ಹಾದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿಗೆ ಹೋಗುತ್ತದೆ. ಅಲ್ಲಿ ಜಿಂದಾಲರ ಉಕ್ಕಿನ ಕಾರ್ಖಾನೆ. ಆ ಉಕ್ಕಿನ ಮನೆತನದ ದುಡ್ಡಿನಲ್ಲೊಂದು ಸಣ್ಣ ಪಾಲು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಜೆರ್ಸಿ ತೊಟ್ಟು ಫುಟ್‌ಬಾಲ್ ಆಡುತ್ತದೆ. ಹೀಗೆ ಲೆಕ್ಕ ಹಾಕಿದರೆ ಬೆಂಗಳೂರು ಎಫ್‌ಸಿಯ ಮೇಲೆ ಬಾಗೇವಾಡಿ, ಮುದ್ದೇಬಿಹಾಳದವರಿಗೂ ಹನಿಯಷ್ಟು ಹಕ್ಕಿದೆ ಎನ್ನಬಹುದು. ತಮಾಷೆಗೆ ಅನ್ನಬಹುದು, ಅಷ್ಟೆ. ಕಾಗದದ ಮೇಲೆ ನಮಗಿರುವಷ್ಟೇ ಹಕ್ಕು ಕಂಠೀರವದ ಪಶ್ಚಿಮ ಸ್ಟ್ಯಾಂಡಿನಲ್ಲಿ ವರ್ಷಗಟ್ಟಲೆ ನಿಂತು ಗಂಟಲು ಹರಿದುಕೊಂಡ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರಿಗೂ ಇದೆ. ಅಂದರೆ ಏನೂ ಇಲ್ಲ.

ಇದು ಎಲ್ಲರಿಗೂ ಕಣ್ಣಿಗೆ ಹೊಡೆದಂತೆ ಕಂಡದ್ದು 2025ರ ಆಗಸ್ಟ್‌ನಲ್ಲಿ. ದೇಶದ ದೊಡ್ಡ ಫುಟ್‌ಬಾಲ್ ಲೀಗಾದ ಐಎಸ್‌ಎಲ್ ನಡೆಸುತ್ತಿದ್ದ ರಿಲಯನ್ಸ್ ಬಳಗದ ಎಫ್‌ಎಸ್‌ಡಿಎಲ್ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ 2010ರಲ್ಲಿ ಆಗಿದ್ದ ಒಪ್ಪಂದ 15 ವರ್ಷದ್ದು, ಮೊತ್ತ 700 ಕೋಟಿ ರೂಪಾಯಿ. ಅದು ಡಿಸೆಂಬರ್‌ನಲ್ಲಿ ಮುಗಿಯಲಿತ್ತು, ಮುಂದೇನು ಎಂಬುದು ತೀರ್ಮಾನವಾಗಿರಲಿಲ್ಲ. ಜುಲೈಯಲ್ಲೇ ಲೀಗ್ ತಡೆಹಿಡಿಯಲಾಯಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಸುನಿಲ್ ಛೆಟ್ರಿಯ ಕ್ಲಬ್ಬು, ದೇಶದಲ್ಲೇ ಅಚ್ಚುಕಟ್ಟು ಎಂದು ಎಲ್ಲರೂ ಬೊಟ್ಟು ಮಾಡಿ ತೋರಿಸುತ್ತಿದ್ದ ಕ್ಲಬ್ಬು! ಇದೇ ಹೀಗೆ ಮಾಡಿದ ಮೇಲೆ ಉಳಿದವರ ಗತಿ ಯಾರು ಕೇಳಬೇಕು? ಲೀಗ್ ನಡೆಸಲು ಕರೆದ ಟೆಂಡರಿನ ಗಡುವು ನವೆಂಬರ್‌ನಲ್ಲಿ ಮುಗಿದಾಗ ಒಂದೇ ಒಂದು ಬಿಡ್ ಬಂದಿರಲಿಲ್ಲ. ಡಿಸೆಂಬರ್ ಕೊನೆಗೆ ಮ್ಯಾಂಚೆಸ್ಟರ್ ಸಿಟಿಯ ಒಡೆಯರಾದ ಸಿಟಿ ಫುಟ್‌ಬಾಲ್ ಗ್ರೂಪ್ ಮುಂಬೈ ಸಿಟಿಯಲ್ಲಿದ್ದ ತನ್ನ ಪಾಲು ಬಿಟ್ಟು ಹೊರಟಿತು. 2026ರ ಫೆಬ್ರವರಿ 14ಕ್ಕೆ ಲೀಗ್ ಹೇಗೋ ಶುರುವಾಯಿತು; ಮೊಟಕುಗೊಂಡು, ತಡವಾಗಿ. ಅಭಿಮಾನಿಯ ಎದೆಯೊಳಗೆ ಹೊಕ್ಕ ಅಂಜಿಕೆ ಮಾತ್ರ ಅಲ್ಲಿಗೆ ಮುಗಿಯುವಂಥದ್ದಲ್ಲ. ಮಾಲೀಕರಿಗೆ ಸಾಕೆನಿಸಿದ ದಿನ ನಮ್ಮ ತಂಡ ಏನಾಗುತ್ತದೆ?

ಮಾಲೀಕತ್ವವೂ ಒಂದು ಕೃತಿ ಎಂದುಕೊಂಡು ವಿಮರ್ಶೆ ಮಾಡುವುದಾದರೆ ಮೊದಲು ಅದರ ಗುಣಗಳನ್ನು ಹೇಳಬೇಕು. 2013ರಲ್ಲಿ ಸೊನ್ನೆಯಿಂದ ಕಟ್ಟಿದ ತಂಡ ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗಾದ ಐ-ಲೀಗ್ ಗೆದ್ದಿತು. 2016ರಲ್ಲಿ ಮತ್ತೆ ಗೆದ್ದಿತು. ಅದೇ ವರ್ಷ ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಮಣಿಸಿ ಎಎಫ್‌ಸಿ ಕಪ್ ಫೈನಲ್ಲಿಗೆ ಹೋಯಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಮೆಟ್ಟಿಲು ಹತ್ತಿರಲಿಲ್ಲ. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದ ಎದುರು ಒಂದು ಗೋಲಿನಿಂದ ಸೋತಿತು. 2019ರ ಐಎಸ್‌ಎಲ್, 2022ರ ಡ್ಯುರಾಂಡ್ ಕಪ್ ಆಮೇಲಿನ ಮಾತು. ಆ ಉಕ್ಕಿನ ಮನೆತನದ ಪಾರ್ಥ್ ಜಿಂದಾಲ್ ಇಪ್ಪತ್ತರ ಹರೆಯದಲ್ಲಿ ಕೈಗೆತ್ತಿಕೊಂಡ ಈ ಕೆಲಸದಲ್ಲಿ ಹುಡುಗಾಟಿಕೆ ಇರಲಿಲ್ಲ. ತೋರಣಗಲ್ಲಿನ ಕಾರ್ಖಾನೆಯ ಬದಿಗೆ ಕಟ್ಟಿದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಿಂದ ಒಲಿಂಪಿಕ್ಸ್ ಕನಸಿನ ಹುಡುಗ ಹುಡುಗಿಯರು ತಯಾರಾಗುತ್ತಿದ್ದಾರೆ. ಸೈಕಲ್ಲು, ಕುಸ್ತಿಗಳ ಜಿಲ್ಲೆಯಾದ ವಿಜಯಪುರದಿಂದ ನೋಡುವವನಿಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಹೊಗಳಿಕೆ ಇಷ್ಟು ಸಲೀಸಾಗಿ ಬರುವುದೇ ನನ್ನ ತಕರಾರಿನ ಮೂಲ. ಮಾಲೀಕ ಕೆಟ್ಟವನಾದರೆ ಅಭಿಮಾನಿ ಮೊದಲ ದಿನದಿಂದ ಲೆಕ್ಕ ಕೇಳುತ್ತಾನೆ, ಬ್ಯಾನರ್ ಹಿಡಿಯುತ್ತಾನೆ, ಸಂಘ ಕಟ್ಟುತ್ತಾನೆ. ಒಳ್ಳೆಯವನಾದರೆ ಹಾಡಿಕೊಂಡು ಕೂರುತ್ತಾನೆ. ಹತ್ತು ವರ್ಷ ಕಪ್ಪುಗಳು ಬಂದವು. ಆ ಹತ್ತು ವರ್ಷದಲ್ಲಿ ಕ್ಲಬ್ಬಿನ ಹೆಸರು, ಬಣ್ಣ, ಊರು ಯಾರ ಕೈಯಲ್ಲಿವೆ ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ಇದೇ ಕಥೆ ಮೊದಲೇ ನಡೆದುಹೋಗಿದೆ. ಅಲ್ಲಿಯೂ ಉಕ್ಕಿನ ದುಡ್ಡೇ. ಬ್ಲ್ಯಾಕ್‌ಬರ್ನಿನಲ್ಲೇ ಹುಟ್ಟಿದ ಜ್ಯಾಕ್ ವಾಕರ್ ತನ್ನ ಉಕ್ಕಿನ ವ್ಯಾಪಾರ ಮಾರಿ ಬಂದ ಹಣವನ್ನು ತನ್ನೂರಿನ ತಂಡಕ್ಕೆ ಸುರಿದ. 1995ರಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಪ್ರೀಮಿಯರ್ ಲೀಗ್ ಗೆದ್ದಿತು. ಅಂಥ ಮಾಲೀಕ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಊರು ನಂಬಿತು. ನಂಬಿದ್ದು ತಪ್ಪೂ ಅಲ್ಲ. 2000ದಲ್ಲಿ ವಾಕರ್ ತೀರಿಕೊಂಡ. ಹತ್ತು ವರ್ಷ ಅವನ ಟ್ರಸ್ಟು ನಡೆಸಿತು, ಬಳಿಕ 2010ರ ನವೆಂಬರ್‌ನಲ್ಲಿ ಮಾರಿತು. ಕೊಂಡವರು ಯಾರು? ನಮ್ಮ ಪಕ್ಕದ ಪುಣೆಯ ವೆಂಕೀಸ್, ಕೋಳಿ ಸಾಕುವವರಿಗೆಲ್ಲ ಗೊತ್ತಿರುವ ಹೆಸರು. ಒಂದೂವರೆ ವರ್ಷದಲ್ಲಿ ತಂಡ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ಆ ಸಂಜೆ ಯಾರೋ ಕ್ಲಬ್ಬಿನ ಬಾವುಟ ಹೊದಿಸಿದ ಒಂದು ಕೋಳಿಯನ್ನು ಮೈದಾನಕ್ಕೆ ಬಿಟ್ಟರು. ನಗು ಬರುತ್ತದೆ, ನಿಜ. 2017ರಲ್ಲಿ ಮೂರನೇ ದರ್ಜೆಗೆ ಬಿದ್ದಾಗ ಅಲ್ಲಿಯವರು ನಗಲಿಲ್ಲ. ಈಚಿನ ವರ್ಷಗಳಲ್ಲಿ ಭಾರತದ ತನಿಖಾ ಸಂಸ್ಥೆಯ ಪ್ರಕರಣವೊಂದರ ಕಾರಣ ಕ್ಲಬ್ಬಿಗೆ ಹಣ ಕಳಿಸಲು ಮಾಲೀಕರಿಗೆ ದೆಹಲಿ ಹೈಕೋರ್ಟಿನ ಒಪ್ಪಿಗೆ ಬೇಕಾಯಿತು. ಲ್ಯಾಂಕಾಶೈರಿನ ಮುದುಕರು ತಮ್ಮ ತಂಡದ ಭವಿಷ್ಯ ತಿಳಿಯಲು ದೆಹಲಿಯ ಕೋರ್ಟಿನ ತಾರೀಖು ಕಾಯುವಂತಾಯಿತು! ವೆಂಕೀಸ್ ತಮ್ಮ ಕಿಸೆಯಿಂದ ಕೋಟಿಗಟ್ಟಲೆ ಸುರಿದಿದ್ದಾರೆ ಎಂಬುದನ್ನೂ ಹೇಳಬೇಕು. ಆದರೆ ವಾಕರ್ ಇದ್ದಾಗ ಊರಿನವರು ಕೇಳದೆ ಬಿಟ್ಟ ಹಕ್ಕನ್ನು ವೆಂಕೀಸ್ ಬಂದ ಮೇಲೆ ಕೇಳಿದರೆ ಕೊಡುವವರು ಯಾರು?

ಇಂಗ್ಲೆಂಡಿನಲ್ಲಿ ತಂಡ ಬಿದ್ದರೂ ಸಾಮಾನ್ಯವಾಗಿ ಊರಲ್ಲೇ ಬೀಳುತ್ತದೆ. ನಮ್ಮಲ್ಲಿ ಊರೇ ಬದಲಾಗುತ್ತದೆ. 2019ರಲ್ಲಿ ಎಫ್‌ಸಿ ಪುಣೆ ಸಿಟಿ ಬಾಗಿಲು ಹಾಕಿತು, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಅದು 2022ರಲ್ಲಿ ಐಎಸ್‌ಎಲ್ ಚಾಂಪಿಯನ್ ಆಯಿತು. ಬಳಿಕ ಸಂಬಳ ಬಾಕಿಯ ಸುಳಿಗೆ ಸಿಕ್ಕಿ ಕೈ ಬದಲಾಯಿತು. ಕೊಂಡದ್ದು ತೋರಣಗಲ್ಲಿನ ಜಿಂದಾಲರಲ್ಲ, ಬಿ.ಸಿ. ಜಿಂದಾಲ್ ಗುಂಪು. 2025ರಲ್ಲಿ ಆ ತಂಡ ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂಬ ಹೆಸರಿನಲ್ಲಿ ರಾಜಧಾನಿಗೆ ಹೋಯಿತು. ಅದಕ್ಕೂ ಮುಂಚೆ, 2019ರಲ್ಲೇ, ದೆಹಲಿಯ ಡೈನಮೋಸ್ ತಂಡ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು. ಪುಣೆಯ ಹುಡುಗ ತನ್ನ ಕಿತ್ತಳೆ ಜೆರ್ಸಿಯನ್ನು ಈಗ ಎಲ್ಲಿಗೆ ತೊಟ್ಟುಕೊಂಡು ಹೋಗಬೇಕು? ಇನ್ನೂ ಹಿಂದೆ ಹೋದರೆ ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಮುಚ್ಚಿದವು. ಎರಡೂ ದೊಡ್ಡ ಕಂಪನಿಗಳ ತಂಡಗಳು, ಎರಡೂ ರಾಷ್ಟ್ರೀಯ ಲೀಗ್ ಗೆದ್ದವು.

ಬೆಂಗಳೂರಿಗೂ ಇದು ಹೊಸತಲ್ಲ. ಐಟಿಐ, ಎಚ್‌ಎಎಲ್, ಬಿಇಎಲ್, ಎಲ್‌ಆರ್‌ಡಿಇ, ಎಂಇಜಿ ಎಂದು ಹೆಸರು ಹೇಳಿದರೆ ಹಳಬರ ಮುಖ ಅರಳುತ್ತದೆ. ಕಾರ್ಖಾನೆಯ ಕೆಲಸಗಾರನೇ ಆಟಗಾರ, ಪಕ್ಕದ ಮೆಷಿನ್ನಿನವನೇ ಅಭಿಮಾನಿ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು. ಮತ್ತೆ ಆ ಟ್ರೋಫಿ ಕರ್ನಾಟಕಕ್ಕೆ ಬಂದದ್ದು 54 ವರ್ಷದ ಬಳಿಕ, 2023ರಲ್ಲಿ, ಅದೂ ರಿಯಾದ್‌ನ ಮೈದಾನದಿಂದ. ಕಾರ್ಖಾನೆಯ ತಂಡಗಳನ್ನು ಯಾರೂ ಮಾರಲಿಲ್ಲ. ನೌಕರಿ ಕೊಡುವುದು ನಿಂತಿತು, ತಂಡ ಸೊರಗಿತು. ಎಚ್‌ಎಎಲ್ ಐ-ಲೀಗಿನಿಂದ ಇಳಿದದ್ದು 2012ರಲ್ಲಿ, ಮರುವರ್ಷವೇ ಬೆಂಗಳೂರು ಎಫ್‌ಸಿ ಹುಟ್ಟಿತು. ಸರ್ಕಾರಿ ಮಾಲೀಕ ಹೋಗಿ ಖಾಸಗಿ ಮಾಲೀಕ ಬಂದ. ಅಭಿಮಾನಿ ಅಂದು ಎಲ್ಲಿದ್ದನೋ ಇಂದೂ ಅಲ್ಲೇ, ಕಟ್ಟೆಯ ಮೇಲೆ.

ಹಾಗಾದರೆ ಕ್ಲಬ್ಬನ್ನು ಸದಸ್ಯರ ಕೈಗೇ ಕೊಟ್ಟುಬಿಡಿ ಎನ್ನುವವರಿದ್ದಾರೆ. ಅವರ ಜೊತೆ ನಾನು ಪೂರ್ತಿ ಹೋಗಲಾರೆ. ಕೋಲ್ಕತ್ತದ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎರಡೂ ಸದಸ್ಯರ ಕ್ಲಬ್ಬುಗಳೇ. ಶತಮಾನದ ಹಿರಿಮೆ, ಲಕ್ಷಾಂತರ ಭಕ್ತರು. ಖಜಾನೆ ಮಾತ್ರ ಖಾಲಿ. ಹೂಡಿಕೆದಾರರ ಬಾಗಿಲು ತಟ್ಟಲೇಬೇಕಾಯಿತು. ಈಸ್ಟ್ ಬೆಂಗಾಲಿಗೆ ಬೆಂಗಳೂರಿನದೇ ಕ್ವೆಸ್ ಕಂಪನಿ, ಆಮೇಲೆ ಶ್ರೀ ಸಿಮೆಂಟ್, ಬಳಿಕ ಇಮಾಮಿ. 2021ರ ಜುಲೈಯಲ್ಲಿ ಒಪ್ಪಂದದ ಕಾಗದಕ್ಕೆ ಸಹಿ ಹಾಕಬೇಕೋ ಬೇಡವೋ ಎಂಬ ಜಗಳದಲ್ಲಿ ಕ್ಲಬ್ಬಿನ ಮುಂದೆ ಅಭಿಮಾನಿಗಳು ಪೊಲೀಸರ ಲಾಠಿ ತಿಂದರು. ಪದಾಧಿಕಾರಿಗಳ ಪಟ್ಟಭದ್ರತೆ ಒಂದು ಕಡೆ, ಹೂಡಿಕೆದಾರನ ಷರತ್ತು ಇನ್ನೊಂದು ಕಡೆ. ಸದಸ್ಯತ್ವದ ಚೀಟಿ ಅಲ್ಲಿ ಯಾರನ್ನೂ ಕಾಯಲಿಲ್ಲ.

ಮೋಹನ್ ಬಾಗಾನ್‌ನದು ಇನ್ನೂ ಕುತೂಹಲದ ಪ್ರಸಂಗ. 2020ರಲ್ಲಿ ಸಂಜೀವ್ ಗೋಯೆಂಕಾ ಅವರ ಬಳಗ ಬಹುಪಾಲು ಷೇರು ಪಡೆದು 1889ರ ಹೆಸರಿನ ಮುಂದೆ ತನ್ನ ಹಳೆಯ ತಂಡದ ‘ಎಟಿಕೆ’ಯನ್ನು ಅಂಟಿಸಿತು. ಮೂರು ವರ್ಷ ಅಭಿಮಾನಿಗಳು ಸುಮ್ಮನಿರಲಿಲ್ಲ. ತಂಡ ಗೆಲ್ಲುತ್ತಿದ್ದಾಗಲೂ ‘ಎಟಿಕೆ ತೆಗೆಯಿರಿ’ ಎಂದರು, ಪಂದ್ಯ ಬಹಿಷ್ಕರಿಸಿದರು. 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಐಎಸ್‌ಎಲ್ ಫೈನಲ್. ಎದುರಾಳಿ ನಮ್ಮ ಬೆಂಗಳೂರು ಎಫ್‌ಸಿ. ಪೆನಾಲ್ಟಿಯಲ್ಲಿ ಬೆಂಗಳೂರು ಸೋತಿತು. ಆ ರಾತ್ರಿಯೇ ಗೋಯೆಂಕಾ ಎಟಿಕೆ ಕಳಚುವುದಾಗಿ ಸಾರಿದರು. ನಮ್ಮವರು ಕಪ್ ಕಳೆದುಕೊಂಡ ನೋವಿನಲ್ಲಿ ಎದುರು ಸ್ಟ್ಯಾಂಡಿನವರು ಅದಕ್ಕಿಂತ ದೊಡ್ಡದೊಂದನ್ನು ಗೆದ್ದದ್ದನ್ನು ಗಮನಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಭಾರತದ ಫುಟ್‌ಬಾಲ್ ಅಭಿಮಾನದ ಈಚಿನ ದೊಡ್ಡ ಗೆಲುವು ಅದು. ದುಡ್ಡು ಮಾಲೀಕನದೇ ಇರಲಿ, ಹೆಸರು ನಮ್ಮದು ಎಂಬ ಒಂದೇ ಬೇಡಿಕೆ ಹಿಡಿದು ಗೆದ್ದರು.

ಜರ್ಮನಿಯಲ್ಲಿ ಈ ಬೇಡಿಕೆಗೆ ನಿಯಮದ ಬಲವಿದೆ. 1998ರಿಂದ ಅಲ್ಲಿ ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಸದಸ್ಯರ ಬಳಿಯೇ ಉಳಿಯಬೇಕು; ಲೆವರ್‌ಕುಸನ್, ವೋಲ್ಫ್ಸ್‌ಬರ್ಗ್‌ನಂಥ ಕಾರ್ಖಾನೆ ತಂಡಗಳಿಗೆ ಮಾತ್ರ ವಿನಾಯಿತಿ. 2024ರ ಆರಂಭದಲ್ಲಿ ಲೀಗಿನ ಆದಾಯದ ಪಾಲನ್ನು ಹೊರಗಿನ ಹೂಡಿಕೆದಾರನಿಗೆ ಕೊಡಲು ಹೊರಟಾಗ ಅಭಿಮಾನಿಗಳು ವಾರವಾರವೂ ಮೈದಾನಕ್ಕೆ ಟೆನಿಸ್ ಚೆಂಡು ಎಸೆದು ಪಂದ್ಯ ನಿಲ್ಲಿಸಿದರು. ಫೆಬ್ರವರಿಯಲ್ಲಿ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು. ಇಂಗ್ಲೆಂಡು 2025ರಲ್ಲಿ ಫುಟ್‌ಬಾಲ್ ಆಡಳಿತಕ್ಕೆಂದೇ ಕಾನೂನು ಮಾಡಿ ಸ್ವತಂತ್ರ ನಿಯಂತ್ರಕನನ್ನು ಕೂರಿಸಿತು. ಕೊಳ್ಳುವವನ ಯೋಗ್ಯತೆ ಪರೀಕ್ಷಿಸುವುದು, ಮೈದಾನ, ಲಾಂಛನ, ಬಣ್ಣಗಳಂಥ ವಿಷಯದಲ್ಲಿ ಅಭಿಮಾನಿಗಳ ಮಾತು ಕೇಳಿಸುವುದು ಆ ಕಾನೂನಿನ ತಿರುಳು.

ನಮ್ಮ ಕಡೆ ಫುಟ್‌ಬಾಲಿಗಿಂತ ಆರ್‌ಸಿಬಿಯ ಮಾತೇ ಹೆಚ್ಚು. ಸಿಂದಗಿ, ಇಂಡಿಯ ಪೇಟೆಗಳಲ್ಲಿ 18 ನಂಬರಿನ ಅಂಗಿಗೆ ಬರವಿಲ್ಲ. 2025ರ ಜೂನ್‌ನಲ್ಲಿ ಕೊನೆಗೂ ಕಪ್ ಬಂತು, ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ನವೆಂಬರ್‌ನಲ್ಲಿ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ತಂಡದ ಮಾಲೀಕತ್ವವನ್ನು ಮರುಪರಿಶೀಲಿಸುವುದಾಗಿ ಷೇರುಪೇಟೆಗೆ ಪತ್ರ ಬರೆಯಿತು. ಷೇರುದಾರನಿಗೆ ತಿಳಿಸಬೇಕೆಂಬ ಕಾನೂನಿದೆ, ಆದ್ದರಿಂದ ತಿಳಿಸಿದರು. ಅಭಿಮಾನಿಗೆ ಗೊತ್ತಾದದ್ದು ಅದರ ಬಾಲ ಹಿಡಿದು. ಷೇರುಪೇಟೆಯಲ್ಲಿಲ್ಲದ ಬೆಂಗಳೂರು ಎಫ್‌ಸಿಯ ಅಭಿಮಾನಿಗೆ ಆ ಬಾಲವೂ ಸಿಗುವುದಿಲ್ಲ. ಇನ್ನೊಂದು ವಿನೋದ: ಬೆಂಗಳೂರಿನ ಫುಟ್‌ಬಾಲ್ ತಂಡ ಸಾಕುವ ಜಿಂದಾಲರ ಜೆಎಸ್‌ಡಬ್ಲ್ಯು ಐಪಿಎಲ್‌ನಲ್ಲಿ ಡೆಲ್ಲಿ ಕ್ಯಾಪಿಟಲ್ಸ್‌ನ ಅರ್ಧ ಒಡೆಯ. ಆರ್‌ಸಿಬಿ-ಡೆಲ್ಲಿ ಪಂದ್ಯದ ದಿನ ಕಂಠೀರವದ ನೀಲಿ ಹುಡುಗ ತನ್ನ ಮಾಲೀಕ ಸೋಲಲಿ ಎಂದೇ ಕೂಗುತ್ತಾನೆ. ಮಾಲೀಕನೂ ತಂಡವೂ ಬೇರೆ ಬೇರೆ ಎಂಬುದು ಅವನಿಗೆ ಯಾರೂ ಹೇಳಿಕೊಡದೆ ಗೊತ್ತಿದೆ.

ಆಲಮಟ್ಟಿಯ ಸುತ್ತಲಿನ ಜನರಿಗೆ ದೂರದಲ್ಲಿ ಕೂತವರ ತೀರ್ಮಾನ ಎಂದರೇನೆಂದು ವಿವರಿಸಬೇಕಿಲ್ಲ. ಅಣೆಕಟ್ಟಿನ ಮಟ್ಟ 519.6 ಮೀಟರೋ 524.256 ಮೀಟರೋ ಎಂಬ ಅಂಕಿಯ ಮೇಲೆ ಎಷ್ಟೋ ಮನೆಗಳ ಬಾಳು ನಿಂತಿದೆ. ಹೊಲ ಮುಳುಗುವ ಸಂಕಟದ ಪಕ್ಕದಲ್ಲಿ ತಂಡ ಕಳೆದುಕೊಳ್ಳುವ ಅಂಜಿಕೆಯನ್ನು ಇಡುವುದು ಅನ್ಯಾಯವಾದೀತು, ಇಡುವುದಿಲ್ಲ. ಆದರೂ ಮುಳುಗಡೆಯ ಸಂತ್ರಸ್ತನೆಂದು ಕಾನೂನು ಗುರುತಿಸಿದವನಿಗೆ ನೋಟಿಸು ಬರುತ್ತದೆ, ತಕರಾರು ಸಲ್ಲಿಸಲು ಅವಧಿ ಇರುತ್ತದೆ, ಕೋರ್ಟಿನ ಮೆಟ್ಟಿಲಿರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ಎಕರೆ ನೀರಾವರಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಒಪ್ಪಿದ್ದು ಈ ಸೀಮೆಯವರು ದಶಕಗಟ್ಟಲೆ ಬೆನ್ನು ಹತ್ತಿದ್ದರ ಫಲ. ಬೆನ್ನು ಹತ್ತಲು ಅವರ ಕೈಯಲ್ಲಿ ಪಹಣಿ ಇತ್ತು; ಅಭಿಮಾನಿಯ ಕೈಯಲ್ಲಿ ಅಂಥ ಕಾಗದವಿಲ್ಲ.

ಬೆಂಗಳೂರಿನ ಅಭಿಮಾನಿಗಳ ಮೇಲೆ ನನ್ನ ಆಕ್ಷೇಪ ಇಲ್ಲಿದೆ. ಹಾಡು, ಡೋಲು, ಸ್ಟ್ಯಾಂಡು ಮುಚ್ಚುವಂಥ ಚಿತ್ರಪಟ ಎಲ್ಲವೂ ಸೊಗಸು. ಛೆಟ್ರಿಯ ಮೇಲಿನ ಪ್ರೀತಿಯಂತೂ ಮಾತಿಗೆ ಮೀರಿದ್ದು. ಆದರೆ ಸಂಬಳ ನಿಂತ ಆಗಸ್ಟ್‌ನಲ್ಲಿ ಎಲ್ಲರ ಬಾಯಲ್ಲಿದ್ದ ಪ್ರಶ್ನೆ ಲೀಗ್ ಯಾವಾಗ ಎಂಬುದು. ಕೇಳಬೇಕಾದ ಇನ್ನೊಂದು ಪ್ರಶ್ನೆ, ಹೆಸರು, ಬಣ್ಣ, ಊರು ಯಾರ ಕೈಯಲ್ಲಿವೆ ಎಂಬುದು, ಅದರಡಿ ಹೂತುಹೋಯಿತು. ಮಾಲೀಕರ ಕಡೆಯ ವಾದವೂ ಪೊಳ್ಳಲ್ಲ: ವರ್ಷವರ್ಷವೂ ನಷ್ಟ ಹೊರುವವರು ನಾವು, ಅದರ ಮೇಲೆ ಷರತ್ತು ಹೇರಿದರೆ ನಾಳೆ ಕೊಳ್ಳಲು ಯಾರು ಬಂದಾರು? ಆಟಗಾರರ ಆಯ್ಕೆ, ಕೋಚು, ಬಜೆಟ್ಟು ಎಲ್ಲ ಅವರಿಗೇ ಇರಲಿ. ಹೆಸರು, ನೀಲಿ ಬಣ್ಣ, ಬೆಂಗಳೂರು, ಈ ಮೂರನ್ನು ಮಾರಾಟದ ಸರಕಿನಿಂದ ಹೊರಗಿಟ್ಟರೆ ಬೆಲೆ ಕುಸಿಯುತ್ತದೆ ಎನ್ನುವವನು ತಂಡ ಕೊಳ್ಳಲು ಬಂದವನಲ್ಲ, ಲೀಗಿನಲ್ಲೊಂದು ಖಾಲಿ ಜಾಗ ಕೊಳ್ಳಲು ಬಂದವನು.

ಇದಕ್ಕೆ ಹೊಸ ಕಾನೂನು ಬರುವತನಕ ಕಾಯಬೇಕಾಗಿಯೂ ಇಲ್ಲ. ಕಂಠೀರವ ಕ್ರೀಡಾಂಗಣ ರಾಜ್ಯ ಸರ್ಕಾರದ್ದು. ಕ್ಲಬ್ಬು ಅಲ್ಲಿ ಬಾಡಿಗೆಗಿದೆ. ಆ ಮೈದಾನಕ್ಕಾಗಿ ಅಥ್ಲೀಟುಗಳು, ಅವರ ಕೋಚುಗಳು ಹೈಕೋರ್ಟಿನವರೆಗೂ ಹೋಗಿದ್ದರು. ಸಾರ್ವಜನಿಕರ ಓಟದ ಪಥವನ್ನು ಖಾಸಗಿ ಕ್ಲಬ್ಬಿಗೆ ಬಿಟ್ಟುಕೊಡುವಾಗ ಪ್ರತಿಯಾಗಿ ನಾಡಿಗೆ ಏನು ಸಿಗುತ್ತದೆ ಎಂಬ ಅವರ ಪ್ರಶ್ನೆ ನ್ಯಾಯದ್ದೇ ಆಗಿತ್ತು. ಬಾಡಿಗೆಯ ಕರಾರು ಮುಂದಿನ ಸಲ ಕ್ರೀಡಾ ಇಲಾಖೆಯ ಮೇಜಿಗೆ ಬಂದಾಗ ಮಾಲೀಕತ್ವ ಬದಲಾದರೂ ಹೆಸರು, ಬಣ್ಣ, ಊರು ಬದಲಾಗಕೂಡದು, ಮಾರುವ ಮೊದಲು ಅಭಿಮಾನಿಗಳ ನೋಂದಾಯಿತ ಸಂಘಕ್ಕೆ ಬರಹದಲ್ಲಿ ತಿಳಿಸಬೇಕು ಎಂದು ಎರಡು ಸಾಲು ಸೇರಿಸಬಹುದು. ಅದಕ್ಕೆ ಮೊದಲು ಅಂಥದೊಂದು ಸಂಘ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಪಾರ್ಥ್ ಜಿಂದಾಲರಿಗೆ ಇನ್ನೂ ತಂಡದ ಮೇಲೆ ಮನಸ್ಸಿರುವಾಗಲೇ ಆ ಎರಡು ಸಾಲಿಗೆ ಅವರ ಸಹಿ ಕೇಳಬೇಕು.