‘ಸ್ವಲೀನತೆ’ ಎಂಬ ಶಬ್ದವೂ ಕಣ್ಣಿನ ಸಾಕ್ಷ್ಯವೂ

ಆಟಿಸಂ ಎಂಬ ಮನೋವಿಶೇಷಕ್ಕೆ ‘ಸ್ವಲೀನತೆ’ ಎಂಬ ಪದವು ಕನ್ನಡದಲ್ಲಿ ಬಳಕೆಗೆ ಬಂದಿದೆ. ಬ್ಲಾಯ್ಲರ್ ಎಂಬ ವೈದ್ಯರು 1911ರ ತಮ್ಮ ಗ್ರಂಥದಲ್ಲಿ ಬಳಸಿದ ಮೂಲಪದವು ‘ತಾನು’ ಎಂಬರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದುದು. ಕ್ಯಾನರ್ ಎಂಬವರು 1943ರಲ್ಲಿ ಅದನ್ನು 11 ಮಕ್ಕಳ ವರ್ತನೆಗೆ ಅನ್ವಯಿಸಿದರು. ಆದಕಾರಣ ನಮ್ಮ ಭಾಷಾಂತರವು ಮೂಲಕ್ಕೆ ನಿಷ್ಠವಾದುದೇ ಸರಿ. ಆದರೆ ಶಬ್ದಕ್ಕೆ ನಿಷ್ಠವಾದುದೆಲ್ಲವೂ ವಸ್ತುವಿಗೆ ನಿಷ್ಠವಾಗಬೇಕೆಂಬ ನಿಯಮವಿಲ್ಲ. ‘ಸ್ವಲೀನ’ನೆಂದೊಡನೆ, ಹೊರಗಣ್ಣನ್ನು ಮುಚ್ಚಿ ತನ್ನಲ್ಲಿಯೇ ಮುಳುಗಿದವನೆಂದು ವಾಚಕರು ಭಾವಿಸುವರು. ದೃಷ್ಟಿಯ ವಿಷಯದಲ್ಲಿ ದೊರೆತಿರುವ ಸಾಕ್ಷ್ಯವು ಹಾಗೆ ಹೇಳುವುದಿಲ್ಲ.

ಬಾಲ್ಯದ ಕೆಲವು ವರ್ಷಗಳನ್ನು ಮೈಸೂರು ಬೆಂಗಳೂರುಗಳಲ್ಲಿ ಕಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯರು 2008ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಆತ್ಮಕಥನದಲ್ಲಿ, ಹೊಸ ಕೋಣೆಯೊಂದರ ಬಾಗಿಲು ತಮಗೆ ಹೇಗೆ ಕಾಣುವುದೆಂದು ವರ್ಣಿಸಿದ್ದಾರೆ. ಮೊದಲು ಬಣ್ಣ, ಆಮೇಲೆ ಆಕಾರ. ‘ಇದು ಬಾಗಿಲು’ ಎಂಬ ಜ್ಞಾನವು ಕಟ್ಟಕಡೆಗೆ. ನಡುವೆ ಬಣ್ಣವೇ ಮನಸ್ಸನ್ನು ಸೆಳೆದುಕೊಂಡರೆ, ಆ ಬಣ್ಣದ ಇತರ ವಸ್ತುಗಳೆಲ್ಲ ನೆನಪಿಗೆ ಸಾಲುಗಟ್ಟುವುವು. ಸಾಮಾನ್ಯ ಗದ್ಯದಲ್ಲಿ ನಾಮಪದವು ಮೊದಲೇ ಸಿದ್ಧವಾಗಿದ್ದು, ವಿಶೇಷಣಗಳು ಅದಕ್ಕೆ ಅಲಂಕಾರವಾಗುವುವು. ಇಲ್ಲಿಯಾದರೋ ವಿಶೇಷಣಗಳೇ ಕೂಡಿ ನಾಮಪದವನ್ನು ಸಂಪಾದಿಸುತ್ತವೆ. ಇದನ್ನು ಶೈಲಿಯ ಶೈಥಿಲ್ಯವೆಂದು ಓದುವ ವಿಮರ್ಶಕನು ಗ್ರಂಥದ ಸಾರವನ್ನೇ ಕಳೆದುಕೊಳ್ಳುವನು.

ಇವರಿಗೆ ತಾಯಿ ಕಲಿಸಿದ ಬೋಧನಕ್ರಮದಿಂದ ಹೊರಡುವ ಬರಹದ ಕರ್ತೃತ್ವವನ್ನು ಕುರಿತು ವಿವಾದವುಂಟು. ಅಮೆರಿಕದ ವಾಕ್‌ಶ್ರವಣ ತಜ್ಞರ ಸಂಘವು 2018ರಲ್ಲಿ ಆ ಕ್ರಮವನ್ನು ಅನುಸರಿಸಬಾರದೆಂದು ಸೂಚಿಸಿತು. ಆದುದರಿಂದ ಒಂದು ಗ್ರಂಥವನ್ನೇ ಪ್ರಮಾಣವಾಗಿ ಹಿಡಿಯದೆ ಪ್ರಯೋಗಗಳನ್ನೂ ನೋಡಬೇಕು. ದೊಡ್ಡ ಚಿತ್ರದಲ್ಲಿ ಅಡಗಿದ ಸಣ್ಣ ಆಕೃತಿಯನ್ನು ಹುಡುಕುವುದರಲ್ಲಿ ಇಂತಹ ಮಕ್ಕಳು ಸಮರ್ಥರೆಂದು ಶಾ ಮತ್ತು ಫ್ರಿತ್ ಎಂಬವರು 1983ರಲ್ಲಿ ತೋರಿಸಿದರು. ಇದರ ಮೇಲೆ ಫ್ರಿತ್ ಅವರು, ಬಿಡಿಗಳನ್ನು ಇಡಿಯಾಗಿ ಹೆಣೆಯುವ ಶಕ್ತಿ ಇವರಲ್ಲಿ ದುರ್ಬಲವೆಂದು 1989ರಲ್ಲಿ ವಾದಿಸಿದರು. ಮೊಟ್ರಾನ್ ಮೊದಲಾದವರು ಇದನ್ನೊಪ್ಪದೆ, ಇದು ನ್ಯೂನತೆಯಲ್ಲ, ಬಿಡಿಗಳ ಗ್ರಹಣದಲ್ಲಿರುವ ಹೆಚ್ಚಳವೆಂದರು. 2015ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡು ಪಕ್ಷಗಳೂ ಮಿತಿಮೀರಿದಂತೆ ಕಂಡುವು: ಇಡಿಯು ಇವರಿಗೆ ಕಾಣದೆ ಹೋಗುವುದಿಲ್ಲ, ಕಾಣಲು ಹೆಚ್ಚು ಕಾಲ ಬೇಕಾಗುವುದು.

ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ನಾವು ದೂರದಿಂದಲೇ ‘ಹೊಯ್ಸಳ ಗುಡಿ’ ಎಂದು ಹೆಸರಿಟ್ಟು, ಆನೆಯ ಸಾಲು, ಕುದುರೆಯ ಸಾಲು, ಲತಾಪಟ್ಟಿಕೆ, ಪುರಾಣಕಥೆ, ಮಕರ, ಹಂಸಗಳನ್ನು ಆ ಹೆಸರಿನ ಅಡಿಯಲ್ಲಿ ಸೇರಿಸಿಬಿಡುವೆವು. ಮತ್ತೊಬ್ಬನು ಒಂದು ಆನೆಯಿಂದ ಮೊದಲುಮಾಡಿ, ಪಕ್ಕದ ಆನೆ ಅದಕ್ಕಿಂತ ಹೇಗೆ ಭಿನ್ನವೆಂದು ನೋಡುತ್ತ, ಪ್ರದಕ್ಷಿಣೆ ಮುಗಿಯುವ ವೇಳೆಗೆ ಗುಡಿಯನ್ನು ಸೇರುವನು. ಇಬ್ಬರೂ ಕಂಡುದು ಒಂದೇ ಗುಡಿಯನ್ನು. ಶಿಲ್ಪಿಯ ಶ್ರಮಕ್ಕೆ ಎರಡನೆಯವನೇ ಹೆಚ್ಚು ನ್ಯಾಯ ಸಲ್ಲಿಸಿದನೆಂದರೂ ತಪ್ಪಾಗದು.

ಇದಕ್ಕೆ ಮಿದುಳಿನಲ್ಲಿಯೂ ಆಧಾರವುಂಟು. ಸ್ಯಾಮ್ಸನ್ ಮತ್ತು ಸಂಗಡಿಗರು 2012ರಲ್ಲಿ 26 ಅಧ್ಯಯನಗಳನ್ನು ಕೂಡಿಸಿ ಪರಿಶೀಲಿಸಿದಾಗ, ದೃಶ್ಯಕಾರ್ಯಗಳಲ್ಲಿ ಇವರ ಮಿದುಳಿನ ಹಿಂಭಾಗದ ದೃಶ್ಯಕ್ಷೇತ್ರಗಳು ಹೆಚ್ಚಾಗಿಯೂ ಮುಂಭಾಗವು ಕಡಮೆಯಾಗಿಯೂ ದುಡಿಯುವುದು ಕಂಡಿತು. ಎರಡು ಕಣ್ಣುಗಳಿಗೆ ಎರಡು ಬೇರೆ ಚಿತ್ರಗಳನ್ನು ತೋರಿಸಿದರೆ ಮನಸ್ಸು ಒಂದನ್ನು ಬಿಟ್ಟು ಒಂದನ್ನು ಕಾಣುವುದಷ್ಟೆ. ಈ ಬದಲಾವಣೆ ಇವರಲ್ಲಿ ನಿಧಾನವಾದುದು. ಇತರರಲ್ಲಿ ಈ ವೇಗಕ್ಕೂ, ನರಗಳ ಉದ್ರೇಕವನ್ನು ತಡೆಯುವ ‘ಗಾಬಾ’ ಎಂಬ ದ್ರವ್ಯಕ್ಕೂ ಇರುವ ಸಂಬಂಧವು ಇವರಲ್ಲಿ ಕಾಣಲಿಲ್ಲವೆಂದು ರಾಬರ್ಟ್‌ಸನ್ ಮತ್ತು ಸಂಗಡಿಗರು 2016ರಲ್ಲಿ ವರದಿಮಾಡಿದರು. ಆದರೂ ಎಲ್ಲರನ್ನೂ ವಿವರಿಸುವ ಏಕಕಾರಣವು ಸಿದ್ಧಪಟ್ಟಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಭೇದವು ಬಹಳ.

ಆದುದರಿಂದ, ದೃಷ್ಟಿಯ ಮಟ್ಟಿಗೆ ಇವರನ್ನು ‘ಸ್ವಲೀನ’ರೆನ್ನುವುದಕ್ಕಿಂತ ‘ವಿಷಯಲೀನ’ರೆನ್ನುವುದು ವಸ್ತುಸ್ಥಿತಿಗೆ ಹತ್ತಿರವೆಂದು ನಮ್ಮ ಅಭಿಪ್ರಾಯ. ರೂಢಿಯಾದ ಪದವನ್ನು ಕಿತ್ತೊಗೆಯಬೇಕೆಂಬ ಹಟವು ನಮಗಿಲ್ಲ. ಆದರೆ ಪದವು ಪಾಠಶಾಲೆಯೊಳಕ್ಕೂ ನಡೆದುಬರುವುದು. ಪುಟದ ಅಂಚಿನ ಚಿತ್ರವನ್ನೇ ನೋಡುತ್ತ ಕುಳಿತ ಬಾಲಕನನ್ನು ‘ತನ್ನಲ್ಲೇ ಮುಳುಗಿದ್ದಾನೆ’ ಎಂದು ಉಪಾಧ್ಯಾಯರು ಕೈಬಿಟ್ಟರೆ, ಆ ತಪ್ಪಿನಲ್ಲಿ ನಿಘಂಟುಕಾರನಿಗೂ ಪಾಲುಂಟು. ಅವನಿಗೆ ಬೇಕಾದುದು ಇನ್ನೂ ಕೊಂಚ ಹೊತ್ತು ಮಾತ್ರವಾಗಿರಬಹುದು. ತಿಳಿದವರು ಈ ಶಬ್ದವನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ಬಿನ್ನವಿಸುತ್ತೇವೆ.