ಗಯಟೆ ಎಂಬ ಹೆಸರು

ಹೆಸರಿನ ಅರ್ಥವನ್ನು ಕೆದಕಿ ನೋಡುವ ಕುತೂಹಲ ಎಲ್ಲ ದೇಶಗಳ ಪಂಡಿತರಿಗೂ ಸಾಮಾನ್ಯವಾದುದು. ಭಾರತದಲ್ಲಿ ಯಾಸ್ಕನ ಕಾಲದಿಂದ ನಿರುಕ್ತಿಯೇ ಒಂದು ಶಾಸ್ತ್ರವಾಗಿ ನಿಂತಿದೆ. ಅಡವಿಯಲ್ಲಿ ತೊರೆದ ಕೂಸನ್ನು ಶಕುಂತಪಕ್ಷಿಗಳು ಕಾಪಾಡಿದುದರಿಂದ ಅದಕ್ಕೆ ಶಕುಂತಲೆಯೆಂದು ಹೆಸರಾಯಿತೆಂಬ ಮಹಾಭಾರತದ ಮಾತನ್ನು ಬಲ್ಲ ವಾಚಕರು, ಯಾವ ಹೆಸರಿನ ಹಿಂದೆಯೂ ಒಂದು ಕಥೆಯಿರಬೇಕೆಂದು ನಿರೀಕ್ಷಿಸುವುದು ಸಹಜವೇ ಸರಿ. ಆ ಶಕುಂತಲೆಯ ನಾಟಕವನ್ನು 1791ರಲ್ಲಿ ಫಾರ್ಸ್ಟರನ ಜರ್ಮನ್ ಭಾಷಾಂತರದಲ್ಲಿ ಓದಿ ಬೆರಗಾಗಿ ಮುಕ್ತಕವೊಂದನ್ನು ಬರೆದ ಮಹಾಕವಿ ಗಯಟೆಯ ಕುಲನಾಮದ ಹಿಂದೆಯೂ ಒಂದು ಕಥೆಯುಂಟು. ಆದರೆ ನಿಘಂಟುಕಾರರು ಹುಡುಕುವ ಎಡೆಯಲ್ಲಿ ಅದು ದೊರೆಯುವುದಿಲ್ಲ.

ಮೊದಲು ಉಚ್ಚಾರಣೆಯ ಮಾತು. ಕನ್ನಡದ ಬರಹಗಳಲ್ಲಿ ಈ ಹೆಸರು ಗಯಟೆ, ಗೊಯ್ಥೆ, ಗೇಟೆ ಎಂದು ಬಗೆಬಗೆಯಾಗಿ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಬರೆದವರ ಅಜಾಗ್ರತೆಯೊಂದೇ ಕಾರಣವಲ್ಲ. ತುಟಿಗಳನ್ನು ಓಕಾರಕ್ಕೆಂಬಂತೆ ದುಂಡಗೆ ಮಾಡಿ ಏಕಾರವನ್ನು ನುಡಿದರೆ ಹುಟ್ಟುವ ಸ್ವರವೊಂದು ಜರ್ಮನ್ ಭಾಷೆಯಲ್ಲಿದೆ. ಕನ್ನಡದ ಅಕ್ಷರಮಾಲೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಎರಡನೆಯ ವ್ಯಂಜನವೋ, ಬರಹದಲ್ಲಿ ಮಹಾಪ್ರಾಣದಂತೆ ತೋರಿದರೂ ನುಡಿಯಲ್ಲಿ ಬರಿಯ ತಕಾರವೇ. ಆದುದರಿಂದ ‘ಗೊಯ್ಥೆ’ ಎಂಬುದು ಕಣ್ಣಿಗೆ ನಿಷ್ಠವಾದ ರೂಪವೇ ಹೊರತು ಕಿವಿಗಲ್ಲ. ‘ಗಯಟೆ’ಯೂ ಪೂರ್ತಿ ಸರಿಯಲ್ಲ, ಆದರೂ ಪರಿಚಿತವಾದುದನ್ನು ಉಳಿಸಿಕೊಳ್ಳುವುದು ಲೇಸು.

ಜರ್ಮನ್ ಕುಲನಾಮಗಳಲ್ಲಿ ಬಹಳವಾಗಿ ಹಬ್ಬಿರುವುವು ಕಸುಬಿನಿಂದ ಬಂದವು. ಹಿಟ್ಟಿನ ಗಿರಣಿಯವನು ಮುಲ್ಲರ್, ಕಮ್ಮಾರನು ಶ್ಮಿಟ್, ದರ್ಜಿಯು ಶ್ನೈಡರ್, ನೇಕಾರನು ವೇಬರ್. ಊರೂರಿಗೂ ಒಬ್ಬ ಗಿರಣಿಯವನೂ ಒಬ್ಬ ಕಮ್ಮಾರನೂ ಇದ್ದುದರಿಂದ ಈ ಹೆಸರುಗಳು ದೇಶವನ್ನೆಲ್ಲ ತುಂಬಿದುವು. ಗಯಟೆ ಎಂಬುದಾದರೋ ವಿರಳವಾದ ಹೆಸರು. ಅದರ ಮೂಲದ ವಿಷಯದಲ್ಲಿ ಎರಡು ಅಭಿಪ್ರಾಯಗಳುಂಟು. ಗಾಟ್‌ಫ್ರೀಡ್ ಮೊದಲಾದ, ದೇವಶಬ್ದವನ್ನು ಮೊದಲಲ್ಲಿ ಉಳ್ಳ ಹಳೆಯ ಹೆಸರುಗಳು ಬಾಯಿಮಾತಿನಲ್ಲಿ ಮೊಟಕಾಗಿ ಈ ರೂಪವನ್ನು ತಾಳಿದುವೆಂಬುದು ಒಂದು. ಕನ್ನಡನಾಡಿನ ಹಳ್ಳಿಗಳಲ್ಲಿ ವೆಂಕಟರಮಣನು ವೆಂಕನಾಗುವುದಿಲ್ಲವೆ, ಹಾಗೆ. ಕ್ರೈಸ್ತರ ದೀಕ್ಷಾಸ್ನಾನದಲ್ಲಿ ಕೂಸಿನ ಹೊಣೆ ಹೊರುವ ಧರ್ಮಪಿತನನ್ನು ಮಧ್ಯಯುಗದ ಜರ್ಮನ್ ಭಾಷೆಯಲ್ಲಿ ಕರೆಯುತ್ತಿದ್ದ ಮಾತೇ ಕುಲನಾಮವಾಯಿತೆಂಬುದು ಇನ್ನೊಂದು. ಎರಡೂ ಒಪ್ಪತಕ್ಕವೇ. ಆದರೆ ಯಾವುದನ್ನು ಒಪ್ಪಿದರೂ ಕವಿಯ ವಿಷಯವಾಗಿ ಹುಲ್ಲುಕಡ್ಡಿಯಷ್ಟೂ ಹೆಚ್ಚಿಗೆ ತಿಳಿದಂತಾಗುವುದಿಲ್ಲ.

ಮನೆತನದ ವೃತ್ತಾಂತ ಇದಕ್ಕಿಂತ ರಸವತ್ತಾಗಿದೆ. ಕವಿಯ ಮುತ್ತಾತನು ತೂರಿಂಗಿಯ ಪ್ರಾಂತದ ಆರ್ಟರ್ನ್ ಎಂಬ ಊರಿನಲ್ಲಿ ಕುದುರೆಗಳಿಗೆ ಲಾಳ ಕಟ್ಟುವ ಕಮ್ಮಾರ. ಅವನ ಮಗ ಫ್ರೀಡ್ರಿಕ್ ಗೇಯೋರ್ಗ್, 1657ರಲ್ಲಿ ಹುಟ್ಟಿದವನು, ದರ್ಜಿಯ ಕಸುಬನ್ನು ಕಲಿತು ಊರೂರು ಅಲೆದು ಫ್ರಾನ್ಸಿನ ಲಿಯೋನ್ ನಗರವನ್ನು ಸೇರಿದ. 1685ರಲ್ಲಿ ಫ್ರಾನ್ಸಿನ ದೊರೆ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿದ ಬಳಿಕ ಅವನು ಫ್ರಾಂಕ್‌ಫರ್ಟಿಗೆ ಬಂದು ನೆಲೆಸಿದ. ಬರುವಾಗ ಫ್ರೆಂಚರ ಹೊಲಿಗೆಯ ಮಾದರಿಗಳೊಡನೆ ಇನ್ನೊಂದು ವಸ್ತುವನ್ನೂ ತಂದ: ತನ್ನ ಹೆಸರಿನ ಕೊನೆಯ ಸ್ವರದ ತಲೆಯ ಮೇಲೆ ಫ್ರೆಂಚರ ರೀತಿಯ ಒಂದು ಓರೆಗೀಟು. ಸಿರಿವಂತರ ಮನೆಯ ಹೆಂಗಸರಿಗೆ ಉಡುಪು ಹೊಲಿಯುವವನಿಗೆ ಆ ಗೀಟು ಎಷ್ಟು ಉಪಕಾರ ಮಾಡಿತೋ! 1705ರಲ್ಲಿ ಅವನು ವೈಡನ್‌ಹೋಫ್ ಎಂಬ ವಸತಿಗೃಹದ ಒಡತಿಯಾಗಿದ್ದ ವಿಧವೆಯನ್ನು ಮದುವೆಯಾಗಿ ಶ್ರೀಮಂತನಾದ. ಆ ಸಂಪತ್ತಿನಿಂದ ಅವನ ಮಗನು ನ್ಯಾಯಶಾಸ್ತ್ರವನ್ನು ಓದಿ, ದುಡಿಯುವ ಅಗತ್ಯವಿಲ್ಲದೆ ಬಾಳಿದ. ಮೊಮ್ಮಗನೇ 1749ರಲ್ಲಿ ಹುಟ್ಟಿದ ಕವಿ. ಆ ವೇಳೆಗೆ ಓರೆಗೀಟು ಅಳಿಸಿಹೋಗಿತ್ತು.

ಆ ಹೆಸರಿನ ಮೇಲೆ ನಡೆದ ಮೊದಲ ವಿಮರ್ಶೆ ಹರ್ಡರನದು. 1770ರ ಚಳಿಗಾಲದಲ್ಲಿ ಕಣ್ಣಿನ ಚಿಕಿತ್ಸೆಗಾಗಿ ಸ್ಟ್ರಾಸ್‌ಬರ್ಗಿನಲ್ಲಿ ತಂಗಿದ್ದ ಹರ್ಡರನ ಬಳಿಗೆ ವಿದ್ಯಾರ್ಥಿಯಾಗಿದ್ದ ಗಯಟೆ ನಿತ್ಯವೂ ಹೋಗುತ್ತಿದ್ದ. ಹರ್ಡರನು ಐದು ವರ್ಷ ಹಿರಿಯ, ಮಹಾವಿದ್ವಾಂಸ, ನಾಲಗೆ ಮಾತ್ರ ಹರಿತ. ಪುಸ್ತಕವೊಂದನ್ನು ಎರವಲು ಕೇಳುವ ಪದ್ಯಚೀಟಿಯಲ್ಲಿ ಅವನು ಗೆಳೆಯನ ಹೆಸರಿನೊಡನೆ ಆಟವಾಡಿ, ಈತನ ವಂಶ ಬಂದುದು ದೇವತೆಗಳಿಂದಲೋ, ಗೋಥ ಜನಾಂಗದಿಂದಲೋ, ಇಲ್ಲವೆ ಕೆಸರಿನಿಂದಲೋ ಎಂದು ಹಾಸ್ಯಮಾಡಿದ. ಜರ್ಮನ್ ನುಡಿಯಲ್ಲಿ ಆ ಮೂರು ಶಬ್ದಗಳೂ ಗಯಟೆ ಎಂಬುದಕ್ಕೆ ಸಮೀಪವಾಗಿವೆ. ನಿರುಕ್ತಿಯ ದೋಷವೆಲ್ಲ ಈ ಒಂದು ಚೀಟಿಯಲ್ಲಿ ಅಡಕವಾಗಿದೆ. ಧ್ವನಿಸಾಮ್ಯವೊಂದನ್ನೇ ಹಿಡಿದು ಹೊರಟವನಿಗೆ ದೇವತೆಯೂ ಕೆಸರೂ ಒಂದೇ ದೂರ.

ನಲವತ್ತು ವರ್ಷಗಳು ಕಳೆದರೂ ಕವಿ ಅದನ್ನು ಮರೆಯಲಿಲ್ಲ. 1812ರಲ್ಲಿ ಹೊರಬಂದ ಆತ್ಮಕಥೆಯ ಎರಡನೆಯ ಭಾಗದಲ್ಲಿ ಈ ಪ್ರಸಂಗವನ್ನು ನೆನೆದು, ಹೆಸರೆಂಬುದು ಮೈಮೇಲೆ ಸಡಿಲವಾಗಿ ತೂಗುವ, ಕಂಡವರು ಹಿಡಿದೆಳೆಯಬಹುದಾದ ನಿಲುವಂಗಿಯಲ್ಲ. ಅಳತೆಗೆ ಸರಿಯಾಗಿ ಕೂಡುವ ಉಡುಪು, ಅಲ್ಲ, ಮನುಷ್ಯನೊಡನೆಯೇ ಬೆಳೆದ ಚರ್ಮ. ಅದನ್ನು ಕೆರೆದರೆ ನೋವು ಅವನಿಗೇ ಎಂಬ ಅಭಿಪ್ರಾಯವನ್ನು ಬರೆದಿದ್ದಾನೆ. ಉಪಮಾನದ ನಡಿಗೆಯನ್ನು ಗಮನಿಸಬೇಕು. ನಿಲುವಂಗಿ, ಅಳತೆಯ ಉಡುಪು, ಅನಂತರ ಚರ್ಮ. ಮೊದಲೆರಡು ದರ್ಜಿಯ ಮನೆಯವು. ತಾಯಿಯ ಕಡೆಯ ಮನೆತನದ ಟೆಕ್ಸ್ಟರ್ ಎಂಬ ಹೆಸರೂ ನೇಕಾರನೆಂಬ ಅರ್ಥದ ವೇಬರ್ ಶಬ್ದವನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿಕೊಂಡುದೇ. ಫ್ರಾಂಕ್‌ಫರ್ಟಿನ ನ್ಯಾಯಾಧಿಪತಿಯಾಗಿದ್ದ ತಾಯಿಯ ತಂದೆಯ ವೈಭವವನ್ನು ವಿಸ್ತಾರವಾಗಿ ಬಣ್ಣಿಸುವ ಆತ್ಮಕಥೆಯಲ್ಲಿ ತಂದೆಯ ತಂದೆಯ ಸೂಜಿದಾರಗಳಿಗೆ ಅಂಥ ಪ್ರಾಶಸ್ತ್ಯವಿಲ್ಲ. ಹೆಸರಿನ ಮಾತು ಬಂದೊಡನೆ ಮಾತ್ರ ಬಟ್ಟೆಯ ಹೋಲಿಕೆ ತಾನಾಗಿ ಬಾಯಿಗೆ ಬರುತ್ತದೆ. ಇದನ್ನು ಆಕಸ್ಮಿಕವೆನ್ನುವವರು ಎನ್ನಲಿ.

ಉಪಮೆ ಸುಂದರವಾಗಿದೆ, ಸತ್ಯವೂ ಆಗಿದೆಯೆ? ಕವಿಯ ಜೀವನವೇ ಅದಕ್ಕೆ ಒಂದು ಆಕ್ಷೇಪವನ್ನು ಒಡ್ಡುತ್ತದೆ. 1774ರಲ್ಲಿ ವೆರ್ಥರನ ಕಥೆ ಪ್ರಕಟವಾದಂದಿನಿಂದ ಗಯಟೆ ಹೋದಲ್ಲೆಲ್ಲ ಜನರು ಅದರ ವಿಚಾರವನ್ನೇ ಕೇಳುತ್ತಿದ್ದರು. 1782ರಲ್ಲಿ ಚಕ್ರವರ್ತಿಯು ದಯಪಾಲಿಸಿದ ಕುಲೀನಪದವಿಯಿಂದ ಹೆಸರಿನ ಹಿಂದೆ ‘ಫಾನ್’ ಎಂಬ ಉಪಪದವೂ ಸೇರಿತು. ಇಷ್ಟನ್ನೆಲ್ಲ ಹೊತ್ತವನು 1786ರ ಸೆಪ್ಟೆಂಬರ್ 3ರಂದು, ಬೆಳಗಾಗುವ ಮುನ್ನ, ಯಾರಿಗೂ ಹೇಳದೆ ಕಾರ್ಲ್ಸ್‌ಬಾಡಿನಿಂದ ಗಾಡಿ ಹತ್ತಿ ಇಟಲಿಯ ದಾರಿ ಹಿಡಿದ. ದಾರಿಯಲ್ಲಿ ಅವನ ಹೆಸರು ಮೋಲ್ಲರ್. ರೋಮಿನಲ್ಲಿ ಆತ ಫಿಲಿಪ್ಪೋ ಮಿಲ್ಲರ್ ಎಂಬ ಚಿತ್ರಕಾರ. ಎರಡೂ ಮುಲ್ಲರ್ ಎಂಬುದರ ರೂಪಾಂತರಗಳು. ದೇಶದಲ್ಲಿಯೇ ವಿರಳವಾದ ಹೆಸರನ್ನು ಕಳಚಿಟ್ಟು, ಎಲ್ಲಕ್ಕಿಂತ ಸಾಮಾನ್ಯವಾದುದನ್ನು ತೊಟ್ಟು, ಆ ಮರೆಯಲ್ಲಿ ಆತ ಸುಖವಾಗಿ ಉಸಿರಾಡಿದ. ಚರ್ಮವನ್ನು ಕಳಚುವುದು ಸಾಧ್ಯವಿಲ್ಲ. ಆದುದರಿಂದ ಆತ್ಮಕಥೆಯ ಮಾತು ಅಪಮಾನವಾದಾಗ ಅನ್ವಯಿಸತಕ್ಕುದೇ ಹೊರತು ಸರ್ವಕಾಲಕ್ಕೂ ಅಲ್ಲವೆಂದು ತಿಳಿಯಬೇಕಾಗಿದೆ. ಅನ್ಯರು ಎಳೆದಾಗ ಚರ್ಮವಾದ ಹೆಸರು, ತಾನೇ ತೆಗೆದಿಟ್ಟಾಗ ನಿಲುವಂಗಿಯೇ ಆಗಿದ್ದಿತು.

ಕವಿಗೆ ಸಾಧ್ಯವಾದ ಈ ಸ್ವಾತಂತ್ರ್ಯ ಅವನ ಮಗನಿಗೆ ದೊರೆಯಲಿಲ್ಲ. ಐದು ಮಕ್ಕಳಲ್ಲಿ ಬದುಕಿ ಉಳಿದವನು ಔಗುಸ್ಟ್ ಒಬ್ಬನೇ. ವೈಮಾರಿನಲ್ಲಿ ಅಧಿಕಾರಿಯಾಗಿ, ತಂದೆಯ ಮನೆವಾರ್ತೆಯನ್ನು ನೋಡಿಕೊಂಡು, ತಂದೆಯ ನೆರಳಿನಲ್ಲಿಯೇ ಬಾಳಿದವನು 1830ರಲ್ಲಿ ತಾನೂ ಇಟಲಿಗೆ ಹೊರಟ. ಅದೇ ರೋಮಿನಲ್ಲಿ, ಅಕ್ಟೋಬರ್ 27ರಂದು, ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಸೆಸ್ಟಿಯಸನ ಪಿರಮಿಡ್ಡಿನ ಬಳಿಯ ರುದ್ರಭೂಮಿಯಲ್ಲಿ ಅವನ ಗೋರಿಯ ಕಲ್ಲು ಈಗಲೂ ಇದೆ. ತಂದೆಗಿಂತ ಮುಂದಾಗಿ ಮಡಿದ ಗಯಟೆಯ ಮಗನೆಂದು ಅದರ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಕೆತ್ತಲಾಗಿದೆ, ವಯಸ್ಸಿದೆ, ವರ್ಷವಿದೆ. ಔಗುಸ್ಟ್ ಎಂಬ ಹೆಸರು ಮಾತ್ರ ಇಲ್ಲ. ಹರ್ಡರನ ಹಾಸ್ಯಕ್ಕೆ ನೊಂದು ಹೆಸರಿನ ವಿಷಯವಾಗಿ ಅಷ್ಟು ಸೂಕ್ಷ್ಮವಾಗಿ ಬರೆದ ಕವಿಯ ಮಗನ ಕಲ್ಲು ಇದೆಂಬುದನ್ನು ನೆನೆದರೆ ಓದುಗನು ಸ್ವಲ್ಪ ಹೊತ್ತು ಸುಮ್ಮನಿರಬೇಕಾಗುತ್ತದೆ.

ಔಗುಸ್ಟನ ಮಗಳು ಆಲ್ಮಾ 1844ರಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ ತೀರಿಕೊಂಡಳು. ಗಂಡುಮಕ್ಕಳು ಇಬ್ಬರೂ ಮದುವೆಯಾಗಲಿಲ್ಲ. ಕಿರಿಯನು 1883ರಲ್ಲಿಯೂ, ಸಂಗೀತಗಾರನಾಗಿದ್ದ ಹಿರಿಯ ವಾಲ್ಟರ್ 1885ರಲ್ಲಿಯೂ ಕಾಲವಾದರು. ವಾಲ್ಟರನು ವೈಮಾರಿನ ಮನೆಯನ್ನು ರಾಜ್ಯಕ್ಕೂ ಕಾಗದಪತ್ರಗಳನ್ನು ರಾಣಿ ಸೋಫಿಗೂ ಬರೆದುಕೊಟ್ಟ. ಕವಿಯ ಸಂತತಿ ಅಲ್ಲಿಗೆ ಮುಗಿಯಿತು. ಭಾರತದಲ್ಲಾದರೆ ರವೀಂದ್ರ, ವಿವೇಕಾನಂದ ಎಂದು ಮನೆಮನೆಯಲ್ಲಿ ಮಕ್ಕಳಿಗೆ ಹೆಸರಿಟ್ಟು ಅಭಿಮಾನವನ್ನು ತೀರಿಸಿಕೊಳ್ಳುತ್ತಾರೆ. ಜರ್ಮನರಲ್ಲಿ ಕುಲನಾಮವನ್ನು ಮನಬಂದಂತೆ ಧರಿಸಲು ಕಾನೂನು ಎಡೆಗೊಡುವುದಿಲ್ಲ. ಹೀಗಾಗಿ ಕೀರ್ತಿ ಲೋಕವನ್ನು ತುಂಬಿದರೂ ಹೆಸರು ವಿರಳವಾಗಿಯೇ ಉಳಿದಿದೆ.

ಅದು ಹಬ್ಬಿರುವುದು ಬೇರೆ ದಾರಿಗಳಲ್ಲಿ. ಶಿಲೆಗಳ ಸಂಗ್ರಹದಲ್ಲಿ ಕವಿಗೆ ಮಹಾ ಆಸಕ್ತಿಯಿದ್ದುದರಿಂದ 1806ರಲ್ಲಿ ಕಬ್ಬಿಣದ ಖನಿಜವೊಂದಕ್ಕೆ ಅವನ ಹೆಸರನ್ನಿಟ್ಟರು. ಬಳ್ಳಾರಿ, ಹೊಸಪೇಟೆಗಳ ಕಡೆಯ ಅದಿರಿನಲ್ಲಿ ಆ ಗೋಥೈಟ್ ಉಂಟು. 1951ರಲ್ಲಿ ಸ್ಥಾಪಿತವಾದ ಜರ್ಮನ್ ಭಾಷಾಸಂಸ್ಥೆಗೂ ಆತನದೇ ಹೆಸರು. ಭಾರತದಲ್ಲಿ ಮಾತ್ರ ಆ ಸಂಸ್ಥೆಯ ಶಾಖೆಗಳನ್ನು ವೇದಗಳ ಸಂಪಾದಕನ ಗೌರವಾರ್ಥವಾಗಿ ಮ್ಯಾಕ್ಸ್ ಮುಲ್ಲರ್ ಭವನವೆನ್ನುತ್ತಾರೆ. ಬೆಂಗಳೂರಿನಲ್ಲಿಯೂ ಒಂದು ಇದೆ. ಜರ್ಮನ್ ಕಲಿಯಲು ಅಲ್ಲಿಗೆ ಹೋಗುವವರು ರೂಢಿಯಲ್ಲಿ ಹೇಳುವುದು ಮುಲ್ಲರನ ಹೆಸರನ್ನೇ.